ನಿಧಾನವಾಗಿ ಹೇಳಿದ ಕಥೆಗಳು

2025ರ ಮಾರ್ಚ್ 14ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು ಒಂದು ಆಜ್ಞೆಗೆ ರುಜು ಹಾಕಿದರು. ಮರುದಿನವೇ ‘ವಾಯ್ಸ್ ಆಫ್ ಅಮೆರಿಕ’ ಬಾನುಲಿ ಸಂಸ್ಥೆಯ 1300ಕ್ಕೂ ಹೆಚ್ಚು ಮಂದಿ ನೌಕರರನ್ನು ರಜೆಯ ಮೇಲೆ ಮನೆಗೆ ಕಳುಹಿಸಲಾಯಿತು. ಇದರ ರಾಜಕೀಯವನ್ನು ಪತ್ರಿಕೆಗಳು ಸಾಕಷ್ಟು ಚರ್ಚಿಸಿದವು. ಆ ವರ್ಷವೆಲ್ಲ ನ್ಯಾಯಾಲಯಗಳಲ್ಲಿ ವ್ಯಾಜ್ಯವೂ ನಡೆಯಿತು. ಆದರೆ ಆ ಗದ್ದಲದ ನಡುವೆ, ಬಹುಮಂದಿಯ ಗಮನಕ್ಕೆ ಬಾರದೆ, ಒಂದು ಪಾಠಶಾಲೆಯೂ ಬಾಗಿಲು ಮುಚ್ಚಿತು. ಅದಕ್ಕೆ ಕಟ್ಟಡವಿರಲಿಲ್ಲ, ಹಾಜರಿ ಪುಸ್ತಕವಿರಲಿಲ್ಲ. ಪ್ರಪಂಚದ ನಾನಾ ಮೂಲೆಗಳಲ್ಲಿ ಇಂಗ್ಲಿಷು ಕಲಿಯಹೊರಟವರು ಕಿವಿಗೊಟ್ಟು ಕೇಳುತ್ತಿದ್ದ ಪಾಠಶಾಲೆ ಅದು.

ಅದರ ಹಿಂದಿನ ಹೆಸರು ‘ಸ್ಪೆಷಲ್ ಇಂಗ್ಲಿಷ್’. 1959ರ ಅಕ್ಟೋಬರ್ 19ರಂದು ಅದರ ಮೊದಲ ಪ್ರಸಾರವಾಯಿತು. ಮುಂದೆ ಬಾನುಲಿ ಪೆಟ್ಟಿಗೆಯಿಂದ ಅಂತರಜಾಲಕ್ಕೆ ಬಂದು, ಈಗ ಪಾಡ್‌ಕಾಸ್ಟ್ ಎಂದು ಕರೆಯುವ ರೂಪವನ್ನು ತಾಳಿ, ‘ಲರ್ನಿಂಗ್ ಇಂಗ್ಲಿಷ್’ ಎಂಬ ಹೆಸರನ್ನು ಪಡೆಯಿತು. ಅದರ ನಿಯಮಗಳು ಮೂರೇ: ಬಳಸತಕ್ಕ ಮೂಲಪದಗಳು ಸುಮಾರು 1500, ವಾಕ್ಯಗಳು ಗಿಡ್ಡ, ಒಂದು ವಾಕ್ಯಕ್ಕೆ ಒಂದೇ ಭಾವ, ಓದುವ ವೇಗ ಸಾಮಾನ್ಯ ಇಂಗ್ಲಿಷಿನ ಮೂರರಲ್ಲಿ ಎರಡು ಪಾಲು. ಈ ಕಟ್ಟಿನೊಳಗೆ ಸುದ್ದಿ, ವಿಜ್ಞಾನ, ನುಡಿಗಟ್ಟುಗಳ ವಿವರಣೆ ಎಲ್ಲವೂ ಬರುತ್ತಿದ್ದವು. ನನ್ನ ದೃಷ್ಟಿಯಲ್ಲಿ ಅವುಗಳ ಪೈಕಿ ಶ್ರೇಷ್ಠವಾದದ್ದು ‘ಅಮೆರಿಕನ್ ಸ್ಟೋರೀಸ್’ ಎಂಬ ಕಥಾಮಾಲೆ. ಪೋ, ಜಾಕ್ ಲಂಡನ್, ಒ. ಹೆನ್ರಿ ಮೊದಲಾದವರ ಕಥೆಗಳನ್ನು ಆ ಮಿತ ಪದಗಳಲ್ಲಿ ಮತ್ತೆ ಬರೆದು ಓದುತ್ತಿದ್ದರು.

ಸಾಹಿತ್ಯದ ಅಧ್ಯಾಪಕನಾದ ನನಗೆ ಇಲ್ಲಿ ಒಂದು ಆಕ್ಷೇಪ ಹೊಳೆಯದೆ ಇರಲಿಲ್ಲ. ಹೆಂಡತಿ ಕೂದಲನ್ನು ಮಾರಿ ಗಂಡನ ಗಡಿಯಾರಕ್ಕೆ ಸರಪಳಿ ತರುವುದು, ಗಂಡ ಆ ಗಡಿಯಾರವನ್ನೇ ಮಾರಿ ಅವಳ ಕೂದಲಿಗೆ ಬಾಚಣಿಗೆ ತರುವುದು, ಒ. ಹೆನ್ರಿಯ ಈ ಕಥೆ ನಮ್ಮಲ್ಲಿಯೂ ಅನೇಕರಿಗೆ ಪರಿಚಿತ. ಆದರೆ ಅವನ ವಕ್ರೋಕ್ತಿ, ಅಪರೂಪದ ಪದಗಳು, ಬಳಸಿ ಬರುವ ವಾಕ್ಯಗಳು ಇವನ್ನೆಲ್ಲ ಕಳಚಿದ ಮೇಲೆ ಒ. ಹೆನ್ರಿ ಎಲ್ಲಿ ಉಳಿದ? ಪ್ರಶ್ನೆ ನ್ಯಾಯವಾದದ್ದೇ. ಉತ್ತರ ನಮ್ಮ ಗಮಕಸಭೆಯಲ್ಲಿದೆ. ಗದುಗಿನ ಭಾರತವನ್ನು ಓದಲಾರದ ಸಾವಿರಾರು ಜನ ಅದನ್ನು ಕೇಳಿ ಸವಿದದ್ದು ಹೇಗೆ? ಗಮಕಿ ಪದ್ಯವನ್ನು ವಾಚಿಸಿದ ಮೇಲೆ ವ್ಯಾಖ್ಯಾನಕಾರ ಅದನ್ನು ಊರಿನವರ ಮಾತಿನಲ್ಲಿ ಬಿಡಿಸಿಟ್ಟ. ಆ ವ್ಯಾಖ್ಯಾನ ಕುಮಾರವ್ಯಾಸನಲ್ಲವೆಂಬುದನ್ನು ಎಲ್ಲರೂ ಬಲ್ಲರು. ಆದರೂ ಅದನ್ನು ಹಿಡಿದು ನಡೆದವರು ಕೆಲವು ವರ್ಷಗಳಲ್ಲಿ ಪದ್ಯಕ್ಕೇ ತಲೆದೂಗತೊಡಗಿದರು. ವ್ಯಾಖ್ಯಾನವೇ ಇಲ್ಲದಿದ್ದರೆ ಅವರು ಸಭೆಗೆ ಬರುತ್ತಲೇ ಇರಲಿಲ್ಲ.

ಮಿತಪದಗಳಲ್ಲಿ ಕಥೆ ಹೇಳುವ ಈ ವಿದ್ಯೆಯನ್ನು ಅಮೆರಿಕದವರೇ ಕಂಡುಹಿಡಿದರೆಂದು ಭಾವಿಸಬೇಕಾಗಿಲ್ಲ. ಇಂಗ್ಲೆಂಡಿನ ಸಿ. ಕೆ. ಆಗ್ಡನ್ 1930ರಲ್ಲಿ 850 ಪದಗಳ ‘ಬೇಸಿಕ್ ಇಂಗ್ಲಿಷ’ನ್ನು ಪ್ರಕಟಿಸಿದ. ಅವನಿಗಿಂತ ಮೊದಲೇ ನಮ್ಮ ಬಂಗಾಳದಲ್ಲಿ, ಢಾಕಾ ನಗರದಲ್ಲಿ, ಮೈಕೇಲ್ ವೆಸ್ಟ್ ಎಂಬ ಶಿಕ್ಷಣತಜ್ಞ ಈ ಕೆಲಸಕ್ಕೆ ಕೈಹಾಕಿದ್ದ. ಶಾಲೆಯ ಇಂಗ್ಲಿಷು ಪುಸ್ತಕಗಳಲ್ಲಿ ಹೊಸ ಪದಗಳು ಒಂದರ ಮೇಲೊಂದು ಬಿದ್ದು ಮಕ್ಕಳನ್ನು ಮುಳುಗಿಸುವುದನ್ನು ಕಂಡು, ಪದಗಳನ್ನು ಎಣಿಸಿ, ಸ್ವಲ್ಪ ಸ್ವಲ್ಪವಾಗಿ ಬಿಟ್ಟು, ಕಥೆಗಳನ್ನು ಮತ್ತೆ ಬರೆಸಿದ. 1926ರ ತನ್ನ ಗ್ರಂಥದಲ್ಲಿ ಅವನು ಎತ್ತಿದ ಒಂದು ವಿಚಾರ ಇಂದಿಗೂ ಹಳತಾಗಿಲ್ಲ. ವಿಮೆಯ ಕಂತು ಕಟ್ಟುವವನು ನಡುವೆ ನಿಲ್ಲಿಸಿದರೆ ಅವನಿಗೆ ಹಿಂದಕ್ಕೆ ಬರುವ ಹಣವನ್ನು ‘ಸರೆಂಡರ್ ವ್ಯಾಲ್ಯೂ’ ಎನ್ನುತ್ತಾರಷ್ಟೆ. ಭಾಷಾಪಾಠಕ್ಕೂ ಆ ಮೌಲ್ಯವಿರಬೇಕೆಂದು ವೆಸ್ಟ್ ವಾದಿಸಿದ. ಬಡವರ ಮಕ್ಕಳಲ್ಲಿ ಅನೇಕರು ಶಾಲೆಯನ್ನು ನಡುವೆಯೇ ಬಿಡುತ್ತಾರೆ. ಬಿಡುವ ದಿನ ಅವರ ಕೈಯಲ್ಲಿ ಏನಿರುತ್ತದೆ?

ನಮ್ಮ ಕಾಲೇಜುಗಳ ಇಂಗ್ಲಿಷು ತರಗತಿಗೆ ಈ ಪ್ರಶ್ನೆಯನ್ನು ಹಾಕಿನೋಡಬೇಕು. ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಹುಡುಗ ಕರ್ಮಣಿಪ್ರಯೋಗದ ಸೂತ್ರವನ್ನು ಬಾಯಿಪಾಠ ಒಪ್ಪಿಸುತ್ತಾನೆ. ಮೂರು ತಿಂಗಳಿಗೆ ಬಿಟ್ಟರೆ ಸೂತ್ರ ಮರೆತುಹೋಗುತ್ತದೆ, ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದೇ ಮೂರು ತಿಂಗಳು ದಿನಕ್ಕೊಂದು ಸರಳ ಕಥೆಯನ್ನು ಕೇಳಿದವನಿಗೆ, ಬಿಟ್ಟರೂ, ಎದುರಿನವರು ನಿಧಾನವಾಗಿ ಆಡಿದ ಇಂಗ್ಲಿಷು ಅಷ್ಟಿಷ್ಟು ಅರ್ಥವಾಗುತ್ತದೆ. ಇದು ಸಣ್ಣ ಲಾಭವಲ್ಲ.

ಕಿವಿಯ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ, ಕನ್ನಡಿಗನಿಗೆ ಇಂಗ್ಲಿಷು ತೊಡಕಾಗುವುದು ಮುಖ್ಯವಾಗಿ ಅಲ್ಲಿಯೇ. ನಮ್ಮ ಲಿಪಿ ಬರೆದಂತೆ ನುಡಿಯುವಂಥದು. ಆದಕಾರಣ ನಮ್ಮ ವಿದ್ಯಾರ್ಥಿ ಇಂಗ್ಲಿಷನ್ನೂ ಬರೆದಂತೆ ನುಡಿಯುತ್ತಾನೆ, ಬರೆದಂತೆ ಕೇಳಿಸಬೇಕೆಂದು ನಿರೀಕ್ಷಿಸುತ್ತಾನೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ತನ್ನ ಮಾತ್ರೆಯ ಪಾಲು ಸಲ್ಲುತ್ತದೆ. ಲಘುವಿಗೆ ಒಂದು, ಗುರುವಿಗೆ ಎರಡು, ಯಾರಿಗೂ ಅನ್ಯಾಯವಿಲ್ಲ. ಇಂಗ್ಲಿಷಿನ ರಾಜ್ಯಭಾರ ಬೇರೆ. ಅಲ್ಲಿ ಒತ್ತು ಬಿದ್ದ ಅಕ್ಷರ ದೊರೆ. ಅಕ್ಕಪಕ್ಕದವು ಕುಗ್ಗಿ ಕುಗ್ಗಿ ಇಲ್ಲವೆನ್ನುವಂತಾಗುತ್ತವೆ. ‘ಫೋಟೊಗ್ರಾಫ್’ ಎಂಬಲ್ಲಿ ಮೊದಲ ಅಕ್ಷರ ಮೆರೆಯುತ್ತದೆ. ಅದನ್ನು ತೆಗೆಯುವವನ ಹೆಸರಿಗೆ ಬಂದರೆ ಒತ್ತು ಎರಡನೆಯದಕ್ಕೆ ಜಾರಿ, ‘ಫಟಾಗ್ರಫರ್’ ಎಂದು ಕೇಳಿಸಿ, ಮೊದಲಿನ ದೊರೆ ಆಳಾಗುತ್ತಾನೆ. ‘ಕಪ್ ಆಫ್ ಟೀ’ ಎಂದು ಪುಸ್ತಕದಲ್ಲಿ ಮೂರು ಪದಗಳನ್ನು ಕಂಡವನಿಗೆ ‘ಕಪ್ಪಟೀ’ ಎಂಬ ಒಂದೇ ಪದ ಕೇಳಿಸಿದರೆ ಅವನು ಏನು ಮಾಡಬೇಕು? ತನಗೆ ಇಂಗ್ಲಿಷು ಬಾರದೆಂದುಕೊಳ್ಳುತ್ತಾನೆ. ನಿಜವಾಗಿ ಅವನಿಗೆ ಆ ಮೂರು ಪದಗಳೂ ಗೊತ್ತು. ಕಿವಿಗೆ ಅವುಗಳ ಮುಖಪರಿಚಯವಾಗಿಲ್ಲ, ಅಷ್ಟೆ. ಛಂದಸ್ಸಿನ ಪಾಠದ ನಡುವೆ ನಾನು ಈ ವಿಷಯವನ್ನು ಹೇಳುವುದುಂಟು. ಇಂಗ್ಲಿಷಿಗೆ ಬೇರೊಂದು ಪ್ರಸ್ತಾರವಿದೆ ಎಂದಾಗ ಹುಡುಗರ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಕಾಣುತ್ತದೆ.

ಇನ್ನು, ಕೇಳುವುದು ಕಥೆಯೇ ಏಕಾಗಬೇಕು? ಬೆಂಗಳೂರಿನಲ್ಲಿಯೇ ಇದಕ್ಕೆ ಒಂದು ಉತ್ತರ ಹುಟ್ಟಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ಭಾಷಾಶಿಕ್ಷಣದ ಲೋಕದಲ್ಲಿ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಪ್ರಸಿದ್ಧ. ಮನಸ್ಸು ಅರ್ಥದ ಬೆನ್ನು ಹತ್ತಿರುವಾಗಲೇ ವ್ಯಾಕರಣ ಒಳಗೆ ಇಳಿಯುತ್ತದೆ ಎಂಬುದು ಅದರ ತಿರುಳು. ಪ್ರಭು ಅವರು ಬಳಸಿದ್ದು ನಕ್ಷೆ, ರೈಲಿನ ವೇಳಾಪಟ್ಟಿ ಮುಂತಾದವುಗಳ ಮೇಲಿನ ಸಣ್ಣ ಸಮಸ್ಯೆಗಳನ್ನು, ಆದರೆ ‘ಮುಂದೇನಾಯಿತು?’ ಎಂಬುದಕ್ಕಿಂತ ಬಲವಾದ ಸಮಸ್ಯೆ ಯಾವುದಿದೆ? ಫಿಜಿ ದ್ವೀಪಗಳ ಗ್ರಾಮಶಾಲೆಗಳಲ್ಲಿ ಎಲಿ ಮತ್ತು ಮಂಗೂಭಾಯಿ ಎಂಬ ವಿದ್ವಾಂಸರು 4 ಮತ್ತು 5ನೆಯ ತರಗತಿಗಳಿಗೆ 250 ಕಥೆಪುಸ್ತಕಗಳನ್ನು ಒದಗಿಸಿದರು; ಕೆಲವು ಶಾಲೆಗಳಲ್ಲಿ ಅಧ್ಯಾಪಕರೇ ಕಥೆಯನ್ನು ಗಟ್ಟಿಯಾಗಿ ಓದಿ ಹೇಳಿದರು. ಆ ಮಕ್ಕಳು ಇಂಗ್ಲಿಷನ್ನು ಓದಿ ತಿಳಿಯುವುದರಲ್ಲಿಯೂ ಕೇಳಿ ತಿಳಿಯುವುದರಲ್ಲಿಯೂ ಸಾಮಾನ್ಯಕ್ಕಿಂತ ಎರಡರಷ್ಟು ವೇಗದಲ್ಲಿ ಮುಂದುವರಿದರೆಂದು 1983ರ ಅವರ ವರದಿ ತಿಳಿಸುತ್ತದೆ.

ಒಂದು ಸಂಸ್ಥೆ ನಿಂತರೇನು, ಇಂದು ಇಂಗ್ಲಿಷು ಕಲಿಸುವ ಪಾಡ್‌ಕಾಸ್ಟುಗಳಿಗೆ ಬರಗಾಲವಿದೆಯೇ ಎಂದು ವಾಚಕರು ಕೇಳಬಹುದು. ಬರಗಾಲವಿಲ್ಲ, ನೆರೆಹಾವಳಿಯಿದೆ. ಇಬ್ಬರು ಗೆಳೆಯರು ಮೈಕಿನ ಮುಂದೆ ಕುಳಿತು ನಗುನಗುತ್ತ ಹರಟುವುದನ್ನು ಪಾಠವೆಂದು ಕರೆದಿರುತ್ತಾರೆ; ಆ ನಗೆಗೆ ಕಾರಣವೇನೆಂಬುದು ಕಲಿಯುವವನಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಮಾತಿನ ಬರಹರೂಪ ಬೇಕೆಂದರೆ ಅನೇಕ ಕಡೆ ಹಣ ಕಟ್ಟಬೇಕು. ಇವುಗಳ ನಡುವೆ ಬಿ.ಬಿ.ಸಿ.ಯ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಗೌರವಕ್ಕೆ ಪಾತ್ರವಾದದ್ದೆಂಬುದನ್ನು ಹೇಳಲೇಬೇಕು. 1943ರಿಂದ ಬಾನುಲಿಯಲ್ಲಿ ಇಂಗ್ಲಿಷು ಕಲಿಸಿದ ಅನುಭವ ಅದರ ಹಿಂದಿದೆ. ಮೊದಲಿಗೆ ಒಂದು ಪ್ರಶ್ನೆ, ಕೊನೆಯಲ್ಲಿ ಅದರ ಉತ್ತರ, ನಡುವೆ ಹೊಸ ಪದಗಳ ವಿವರಣೆ, ಬರಹವೂ ಉಚಿತ. ಆದರೆ ಅದು ಈಗಾಗಲೇ ನಾಲ್ಕು ಹೆಜ್ಜೆ ನಡೆದವರಿಗೆ. ಮೊದಲ ಹೆಜ್ಜೆಯವರು ಅಲ್ಲಿ ಎಡವುತ್ತಾರೆ. ಇನ್ನು ಯಂತ್ರಬುದ್ಧಿ ಯಾವ ಬರಹವನ್ನಾದರೂ ಸರಳಗೊಳಿಸಿ ಓದಿಬಿಡುತ್ತದೆಯಲ್ಲ ಎನ್ನುವವರಿದ್ದಾರೆ. ಓದುತ್ತದೆ, ನಿಜ. ಅದು ತಪ್ಪಿದರೆ ತಪ್ಪಿತೆಂದು ಗುರುತಿಸಬಲ್ಲವನು ಇಂಗ್ಲಿಷು ಬಲ್ಲವನೇ ಹೊರತು ಕಲಿಯುವವನಲ್ಲ. ಧ್ವನಿಯನ್ನು ಎಳೆದು ನಿಧಾನಗೊಳಿಸಿದ ಮಾತ್ರಕ್ಕೆ ಕಠಿನವಾಕ್ಯ ಸುಲಭವಾಗುವುದೂ ಇಲ್ಲ. ಯಾವ ಪದವನ್ನು ಬಿಡಬೇಕು, ಯಾವುದನ್ನು ಮೂರು ಸಲ ಬೇರೆಬೇರೆ ಸಂದರ್ಭದಲ್ಲಿ ತರಬೇಕು ಎಂಬುದನ್ನು ಹತ್ತಾರು ವರ್ಷ ತೂಗಿ ತೂಗಿ ಕಲಿತ ಬರಹಗಾರರ ಪರಂಪರೆಯೊಂದು ವಾಷಿಂಗ್ಟನ್ನಿನಲ್ಲಿತ್ತು. ಮಾರ್ಚ್ ತಿಂಗಳ ಆ ಶನಿವಾರ ಮನೆಗೆ ಹೋದವರಲ್ಲಿ ಅವರೂ ಇದ್ದರು.

ಹಾಗೆಂದು ಅಮೆರಿಕ ಸರ್ಕಾರ ಪರೋಪಕಾರಕ್ಕಾಗಿಯೇ ಇದನ್ನು ನಡೆಸಿತೆಂದು ನಾನು ಹೇಳಲಾರೆ. ಶೀತಲಸಮರದ ದಿನಗಳಲ್ಲಿ ಹುಟ್ಟಿದ ಕಾರ್ಯಕ್ರಮವದು. ಇಂಗ್ಲಿಷಿನ ಜೊತೆಯಲ್ಲಿ ಅಮೆರಿಕವನ್ನೂ ಕೇಳುಗನಿಗೆ ಉಣಿಸುವುದು ಅದರ ಉದ್ದೇಶವಾಗಿತ್ತು. ಊಟ ಹಾಕುವವನ ಅಭಿಪ್ರಾಯವನ್ನು ಊಟದ ಜೊತೆಗೇ ಕೇಳಿಸಿಕೊಳ್ಳುವುದು ಹೊಸದೇನಲ್ಲ. ನನಗೆ ಕಳವಳ ಬೇರೆ. ನಮ್ಮ ಬಡ ವಿದ್ಯಾರ್ಥಿಗಳ ಇಂಗ್ಲಿಷನ್ನು ನಾವು ಪರದೇಶಗಳ ಬೊಕ್ಕಸಕ್ಕೆ ಒಪ್ಪಿಸಿ ನಿಶ್ಚಿಂತರಾಗಿದ್ದೆವು. ಅಲ್ಲಿಯ ಒಂದು ರುಜುವಿನಿಂದ ಇಲ್ಲಿಯ ಪಾಠ ನಿಂತಿತು. ಹಣವುಳ್ಳವರ ಮಕ್ಕಳಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಅವರಿಗೆ ಕಾನ್ವೆಂಟುಗಳಿವೆ, ಮನೆಪಾಠವಿದೆ. ನಮ್ಮಲ್ಲಿ ಸಾಧನಗಳಿಲ್ಲವೇ? 1958ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಇಂಗ್ಲಿಷು ಸಂಸ್ಥೆ ಇಂದು ಕೇಂದ್ರೀಯ ವಿಶ್ವವಿದ್ಯಾನಿಲಯವಾಗಿದೆ. ಬೆಂಗಳೂರಿನಲ್ಲಿ 1963ರಿಂದ ದಕ್ಷಿಣ ರಾಜ್ಯಗಳ ಪ್ರಾದೇಶಿಕ ಇಂಗ್ಲಿಷು ಸಂಸ್ಥೆಯಿದೆ. ಆಕಾಶವಾಣಿ ‘ಕೇಳಿ ಕಲಿ’ ಎಂಬ ಹೆಸರಿನಲ್ಲಿಯೇ ಕರ್ನಾಟಕದ ಶಾಲೆಗಳಿಗೆ ಪಾಠಗಳನ್ನು ಪ್ರಸಾರ ಮಾಡಿದೆ. ಪದ ಎಣಿಸಬಲ್ಲವರು, ಕಥೆ ಬರೆಯಬಲ್ಲವರು, ಓದಬಲ್ಲ ಕಂಠಗಳು ಮೂರೂ ಈ ನಾಡಿನಲ್ಲಿವೆ. ಮೂವರನ್ನೂ ಒಂದು ಕೋಣೆಯಲ್ಲಿ ಕೂಡಿಸುವವರು ಬೇಕು. ಪಂಚತಂತ್ರವನ್ನೋ ಮಾಸ್ತಿಯವರ ಕಥೆಗಳನ್ನೋ 1500 ಇಂಗ್ಲಿಷು ಪದಗಳಲ್ಲಿ ಹೇಳಿದರೆ ಕನ್ನಡದ ಹುಡುಗನಿಗೆ ಇನ್ನೊಂದು ಅನುಕೂಲವಿದೆ: ಬಾವಿಕಟ್ಟೆ, ಸಂತೆ, ಸೋದರಮಾವ ಇವುಗಳ ಕಲ್ಪನೆ ಅವನಿಗೆ ಮೊದಲೇ ಇರುತ್ತದೆ, ಹೊಸದು ಭಾಷೆ ಮಾತ್ರ.

ಕನ್ನಡ ಅಧ್ಯಾಪಕನಿಗೇಕೆ ಇಂಗ್ಲಿಷಿನ ಚಿಂತೆ ಎಂದು ಸಹೋದ್ಯೋಗಿಗಳು ಹಾಸ್ಯ ಮಾಡುವುದುಂಟು. ಇಂಗ್ಲಿಷಿನ ಭಯದಿಂದ ಓದನ್ನೇ ಬಿಡುವ ಹುಡುಗ ಕನ್ನಡದ ತರಗತಿಯಿಂದಲೂ ಹೋಗುತ್ತಾನೆ ಎಂಬುದು ನನ್ನ ಉತ್ತರ. ಇದೇ ಉಪಾಯ ಕನ್ನಡಕ್ಕೂ ಬೇಕಾಗಿದೆ. ಬೆಂಗಳೂರಿಗೆ ಬಂದು ನೆಲೆಸಿದ ಅನ್ಯಭಾಷಿಕರಿಗೆ ಕನ್ನಡ ಕಲಿಯಿರೆಂದು ಹೇಳುವ ನಾವು ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ಹೆಮ್ಮೆಯಿಂದ ತೋರಿಸಬಲ್ಲೆವು; ಅವರಿಗೆ ಬೇಕಾದದ್ದು ಮೊದಲ ಸಾವಿರ ಪದಗಳಲ್ಲಿ ನಿಧಾನವಾಗಿ ಹೇಳಿದ ಕಥೆ. ಅದು ಇನ್ನೊಂದು ಲೇಖನದ ವಿಷಯ.

ಸದ್ಯಕ್ಕೆ ಕೈಯಲ್ಲಿರುವುದನ್ನು ಬಳಸಿಕೊಳ್ಳಬಹುದು. ಅಮೆರಿಕ ಸರ್ಕಾರದ ಹಣದಿಂದ ಆ ಸಂಸ್ಥೆಯೇ ಸಿದ್ಧಪಡಿಸಿದ ಪಾಠಗಳಿಗೆ ಸಾಮಾನ್ಯವಾಗಿ ಹಕ್ಕುಸ್ವಾಮ್ಯದ ಅಡ್ಡಿಯಿಲ್ಲ. ಪ್ರತಿ ಮಾಡಿ ಹಂಚಬಹುದು. ನನಗೆ ಬಿಡುವಿದ್ದ ಮಧ್ಯಾಹ್ನಗಳಲ್ಲಿ ಕಥೆಯ ಅರ್ಧವನ್ನು ಮೊದಲು ಕನ್ನಡದಲ್ಲಿ ಹೇಳಿ ನಿಲ್ಲಿಸುತ್ತೇನೆ. ಮುಂದಿನದನ್ನು ಧ್ವನಿಮುದ್ರಿಕೆ ಹೇಳಬೇಕು. ಮೊದಲ ಸಲ ಬರಹವಿಲ್ಲದೆ ಕೇಳುವುದು, ಎರಡನೆಯ ಸಲ ಬರಹದ ಮೇಲೆ ಬೆರಳಿಟ್ಟು, ಮೂರನೆಯ ಸಲ ಮತ್ತೆ ಬರಹವನ್ನು ಮುಚ್ಚಿ. ಇದರಿಂದ ಬರೆಯಲು ಬಂದುಬಿಡುವುದಿಲ್ಲ. ಅದಕ್ಕೆ ಬೇರೆ ಶ್ರಮ ಬೇಕು. ಕಥೆಯಿರುವ ಫೋನಿನಲ್ಲಿಯೇ ಕಥೆಗಿಂತ ರುಚಿಯಾದ ಆಕರ್ಷಣೆಗಳೂ ಇರುತ್ತವೆ. ಆದಕಾರಣ ಮೊದಲ ತಿಂಗಳು ನಾನು ಎಲ್ಲರ ಫೋನುಗಳನ್ನೂ ಬದಿಗಿಡಿಸಿ, ಮೇಜಿನ ಮೇಲೆ ಒಂದೇ ಧ್ವನಿಪೆಟ್ಟಿಗೆಯನ್ನು ಇಟ್ಟು ಕೇಳಿಸುತ್ತೇನೆ. ಗಡಿಯಾರ ಮಾರಿದ ಸಂಗತಿ ಬರುವ ಕಡೆ ಮೂರನೆಯ ಸಲವೂ ತರಗತಿ ಸದ್ದಿಲ್ಲದೆ ಕುಳಿತಿರುತ್ತದೆ. ಆಮೇಲೆ ಅವರಲ್ಲಿ ಕೆಲವರು ಆ ಸರಪಳಿ, ಆ ಬಾಚಣಿಗೆ ಮುಂದೆ ಏನಾದವೆಂದು ಕೇಳುತ್ತಾರೆ, ಹರಕುಮುರುಕು ಇಂಗ್ಲಿಷಿನಲ್ಲಿ.