ಮುಚ್ಚಿದ ಬಾಗಿಲಿನ ಪರವಾಗಿ

ಪ್ರವಾಸ ಮುಗಿಸಿ ಬಂದವರನ್ನು ನಮ್ಮ ಬಳಗದಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಏನೇನು ಕಾಣಿಸಿತು?’ ಮುನ್ನಾರಿನ ಎರವಿಕುಲಂ ರಾಷ್ಟ್ರೀಯ ಉದ್ಯಾನಕ್ಕೆ ಹೋದವರ ಉತ್ತರವೂ ಸಿದ್ಧವಾಗಿರುತ್ತದೆ. ವರೆಯಾಡು ಕಂಡರೆ ಹಣ ಸಾರ್ಥಕ. ಮಂಜು ಕವಿದರೆ ದಂಡ. ಕಾಡನ್ನು ಹೀಗೆ ಜಮಾ-ಖರ್ಚಿನ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವನ್ನು ನಾವು ವಿರೋಧಿಸುತ್ತೇವೆ.

ಸುಮಾರು 97 ಚದರ ಕಿಲೋಮೀಟರ್ ವಿಸ್ತಾರದ ಈ ಉದ್ಯಾನದಲ್ಲಿ ಪ್ರವಾಸಿಗೆ ತೆರೆದಿರುವುದು ರಾಜಮಲೆಯ ಒಂದು ಅಂಚು ಮಾತ್ರ. ಸ್ವಂತ ವಾಹನವನ್ನು ಕೆಳಗೇ ಬಿಟ್ಟು ಅರಣ್ಯ ಇಲಾಖೆಯ ಬಸ್ಸು ಹತ್ತಬೇಕು. ಇಳಿದ ಮೇಲೆ ಗೊತ್ತುಪಡಿಸಿದ ದಾರಿಯಲ್ಲೇ ನಡೆಯಬೇಕು. ವರೆಯಾಡುಗಳು ಮರಿ ಹಾಕುವ ಕಾಲದಲ್ಲಿ, ಸಾಮಾನ್ಯವಾಗಿ ಫೆಬ್ರವರಿ ಮತ್ತು ಮಾರ್ಚ್ ತಿಂಗಳಲ್ಲಿ, ಬಾಗಿಲೇ ಮುಚ್ಚಿರುತ್ತದೆ. ‘ತೆರಿಗೆ ಕಟ್ಟುವವರು ನಾವು, ನಮಗೇ ಪ್ರವೇಶವಿಲ್ಲವೇ?’ ಎಂಬ ಗೊಣಗಾಟ ಹುಟ್ಟುವುದು ಆಗ. ರಜೆ ಮಂಜೂರಾಗಿದೆ, ಎಲ್‌ಟಿಸಿ ಅವಧಿ ಮುಗಿಯುತ್ತಿದೆ, ಯಾರಾದರೂ ಅಧಿಕಾರಿಯಿಂದ ಒಂದು ಮಾತು ಹೇಳಿಸಲಾದೀತೇ ಎಂಬ ವಿಚಾರಣೆಯೂ ಅದರ ಬೆನ್ನಿಗೇ ಬರುತ್ತದೆ.

ಈ ಬೆಟ್ಟಗಳು ಒಂದು ಕಾಲದಲ್ಲಿ ಚಹಾ ತೋಟದ ದೊರೆಗಳ ಬೇಟೆಯ ನೆಲೆಯಾಗಿದ್ದವು. 1975ರಲ್ಲಿ ಅಭಯಾರಣ್ಯವೂ 1978ರಲ್ಲಿ ರಾಷ್ಟ್ರೀಯ ಉದ್ಯಾನವೂ ಆದವು. ಕೆಲವರ ವಿಶೇಷ ಹಕ್ಕನ್ನು ಅಂದು ಕಿತ್ತುಹಾಕಿದ್ದು ಅದನ್ನು ಎಲ್ಲರಿಗೂ ಹಂಚುವುದಕ್ಕಲ್ಲ, ಪ್ರಾಣಿಗೆ ಮರಳಿಸುವುದಕ್ಕೆ. ಕೇರಳ ಮತ್ತು ತಮಿಳುನಾಡಿನ ಘಟ್ಟಗಳ ಹೊರಗೆ ವರೆಯಾಡಿಗೆ ಬೇರೆ ಸಹಜ ನೆಲೆಯಿಲ್ಲ. ನಮಗಾದರೋ ನೋಡಲು ಬೇರೆ ಬೆಟ್ಟಗಳಿವೆ, ಬೇರೆ ತಿಂಗಳುಗಳಿವೆ.

ಬಾಗಿಲು ಮುಚ್ಚಿದರೆ ಜೀಪಿನವರ, ಅಂಗಡಿಯವರ ಸಂಪಾದನೆ ಕುಗ್ಗುತ್ತದೆ ಎಂಬ ಆಕ್ಷೇಪಣೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅವರ ಹಿತಕ್ಕೆ ಸರ್ಕಾರ ಹೊಣೆ ಹೊರಲಿ. ಆ ಹೊಣೆಯನ್ನು ಆಗತಾನೇ ಹುಟ್ಟಿದ ಮರಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಂಡರೆ ತಾನೇ ಕಾಳಜಿ ಹುಟ್ಟುವುದು ಎನ್ನುವವರೂ ಇದ್ದಾರೆ. ಆದರೆ ರಸ್ತೆಯ ಬದಿಗೆ ನಿರ್ಭಯವಾಗಿ ಬಂದು ಮೇಯುವ ವರೆಯಾಡಿನ ಕೋಡು ಹಿಡಿದು ಚಿತ್ರ ತೆಗೆಸಿಕೊಳ್ಳಬಯಸುವವನು ಅದನ್ನು ಕಂಡಿಲ್ಲವೇ? ಅವನಲ್ಲಿ ಹುಟ್ಟಿದ್ದು ಕಾಳಜಿಯಲ್ಲ, ಸಲಿಗೆ. ನಮ್ಮನ್ನು ನಂಬಿ ಹತ್ತಿರ ಬಂದ ಪ್ರಾಣಿಯಿಂದ ನಾವೇ ದೂರ ಸರಿದು ನಿಲ್ಲುವುದು ಕಾಳಜಿ. ಕಾಣದೆಯೂ ಸಂತೋಷದಿಂದ ಹಿಂದಿರುಗುವುದು ಅದಕ್ಕಿಂತ ದೊಡ್ಡ ಕಾಳಜಿ.

ನಿಜವಾದ ಪರೀಕ್ಷೆ ಮುಂದಿದೆ. ಹನ್ನೆರಡು ವರ್ಷಗಳಿಗೊಮ್ಮೆ ಅರಳುವ ನೀಲಕುರಿಂಜಿ ಇಲ್ಲಿ 2006ರಲ್ಲಿ, ಅನಂತರ 2018ರಲ್ಲಿ ಹೂಬಿಟ್ಟಿತು. ಇನ್ನು 2030ರ ಸರದಿ. ಒಮ್ಮೆ ಹೂಬಿಟ್ಟು ಬೀಜ ಕಟ್ಟಿದ ಮೇಲೆ ಆ ಗಿಡ ಸಾಯುತ್ತದೆ. ಕಿತ್ತ ಹೂವಿನಲ್ಲಿ ಬೀಜವಿಲ್ಲ, ತುಳಿದ ನೆಲದಲ್ಲಿ ಮೊಳಕೆಯಿಲ್ಲ. ಆ ವರ್ಷ ಮುಂಬಯಿ, ಪುಣೆ, ಚೆನ್ನೈಗಳ ಕನ್ನಡ ಸಂಘಗಳಿಂದಲೂ ಬಸ್ಸುಗಳು ಹೊರಡದೆ ಇರಲಾರವು. ಹೊರಡಲಿ. ಆದರೆ ಇಲಾಖೆ ಎಷ್ಟು ಜನರನ್ನು ಬಿಡುತ್ತದೋ ಅಷ್ಟೇ ಜನ, ಎಲ್ಲಿಯವರೆಗೆ ಬಿಡುತ್ತದೋ ಅಲ್ಲಿಯವರೆಗೆ ಮಾತ್ರ ಹೋಗಲಿ. ಶಿಫಾರಸು ಪತ್ರ ಹಿಡಿದ ಒಂದು ಕೈಯೂ ನಮ್ಮವರದಾಗದಿರಲಿ. ಅಷ್ಟು ಸಂಯಮವನ್ನು ನಮ್ಮ ಸಂಘಗಳು ಇಂದೇ ನಿರ್ಣಯವಾಗಿ ಬರೆದಿಡಬೇಕೆಂದು ಒತ್ತಾಯಿಸುತ್ತೇವೆ.