ಉಸಿರು ಮರಳಿದರೆ ಸಾಕೆ?

‘ಸತ್ತವನು ಎದ್ದು ಕುಳಿತ’ ಎಂಬ ಧಾಟಿಯ ಸುದ್ದಿ ನಮ್ಮ ಪತ್ರಿಕೆಗಳಿಗೆ ಬಲು ಪ್ರಿಯವಾದದ್ದು. ರೈಲು ನಿಲ್ದಾಣದಲ್ಲೋ ಮದುವೆಯ ಮನೆಯಲ್ಲೋ ಒಬ್ಬರು ಕುಸಿದು ಬೀಳುತ್ತಾರೆ. ಯಾರೋ ಪುಣ್ಯಾತ್ಮರು ಎದೆ ಒತ್ತುತ್ತಾರೆ. ವೈದ್ಯರು ವಿದ್ಯುತ್ತಿನ ಪೆಟ್ಟು ಕೊಟ್ಟು ಗುಂಡಿಗೆಯನ್ನು ಮತ್ತೆ ನಡೆಸುತ್ತಾರೆ. ಕೆಲವು ದಿನಗಳ ಮೇಲೆ ಆಸ್ಪತ್ರೆಯ ಬಾಗಿಲಲ್ಲಿ ಹೂಗುಚ್ಛ, ನಗುಮುಖ, ಭಾವಚಿತ್ರ. ಅಲ್ಲಿಗೆ ಕಥೆ ಮುಗಿಯಿತು. ಸಂತೋಷದ ಸುದ್ದಿಯೇ, ಬೇಡವೆನ್ನುವ ಕಟುಕರು ಯಾರೂ ಇಲ್ಲ. ನನ್ನ ತಕರಾರೆಲ್ಲ ಆ ಕೊನೆಯ ಪೂರ್ಣವಿರಾಮದ ಮೇಲೆ. ಚಿತ್ರ ತೆಗೆದ ಮಾರನೆಯ ದಿನದಿಂದ ಆ ಮನುಷ್ಯನ ಪಾಡೇನೆಂದು ನಾವು ಕೇಳುವುದಿಲ್ಲ. ಇದು ಬರಿಯ ಅಲಕ್ಷ್ಯವಲ್ಲ, ಅನ್ಯಾಯ.

ಮೊದಲು ಮಾತಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಮೊದಲನೆಯದರಲ್ಲಿ ಗುಂಡಿಗೆಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುತ್ತದೆ. ರೋಗಿ ಬಹುವೇಳೆ ಎಚ್ಚರವಾಗಿಯೇ ಇರುತ್ತಾನೆ. ಎರಡನೆಯದರಲ್ಲಿ ಗುಂಡಿಗೆ ರಕ್ತವನ್ನು ದೂಡುವುದೇ ನಿಂತುಹೋಗುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ನಾಲ್ಕೈದು ನಿಮಿಷ ಕಳೆಯಿತೆಂದರೆ ಮಿದುಳಿಗೆ ಏಟು ಬೀಳತೊಡಗುತ್ತದೆ. ಅದರಲ್ಲಿಯೂ ನೆನಪನ್ನು ಕೂಡಿಡುವ ಭಾಗ ಬಲು ಸುಕುಮಾರವಾದದ್ದು. ನಿಂತದ್ದು ಗುಂಡಿಗೆ, ಏಟು ತಿಂದದ್ದು ಮಿದುಳು. ನಾವು ಮಾತ್ರ ಇ.ಸಿ.ಜಿ. ಸರಿಯಾಯಿತೆಂದು ಕೈತೊಳೆದುಕೊಳ್ಳುತ್ತೇವೆ.

ಇದರ ಮೇಲೆ ತೀವ್ರ ನಿಗಾ ಘಟಕದ ವಾಸ ಬೇರೆ. ವೆಂಟಿಲೇಟರಿನ ಉಸಿರು, ಮಂಪರಿನ ಔಷಧಿ, ಹಗಲಿರುಳಿನ ಭೇದವಿಲ್ಲದ ದೀಪ. ಕೆಲವೇ ದಿನಗಳಲ್ಲಿ ಮಾಂಸಖಂಡಗಳು ಕರಗುತ್ತವೆ. ಇಲ್ಲದ್ದು ಕಾಣಿಸುತ್ತದೆ, ಕೇಳಿಸುತ್ತದೆ. ಮನೆಗೆ ಬಂದ ಮೇಲೂ ದೌರ್ಬಲ್ಯ, ಮರೆವು, ಭಯ, ಖಿನ್ನತೆಗಳು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ, ಉಳಿಯಬಹುದು. 2012ರಲ್ಲಿ ಅಮೆರಿಕದ ತಜ್ಞರು ಇವನ್ನೆಲ್ಲ ಒಟ್ಟುಗೂಡಿಸಿ ‘ತೀವ್ರ ನಿಗಾ ನಂತರದ ಬಾಧೆ’ ಎಂಬರ್ಥದ ಹೆಸರನ್ನು ಕೊಟ್ಟರು. ರೋಗಿಯ ಮನೆಯವರ ಮನಃಕ್ಲೇಶವನ್ನೂ ಅದರೊಳಗೆ ಸೇರಿಸಿದರು. ವಿವೇಕದ ಕೆಲಸ.

ಈ ವಿದ್ಯೆಯ ಹಿರಿಮೆಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿದಾಗ, ವೈದ್ಯ ಬ್ಯೋರ್ನ್ ಇಬ್ಸೆನ್ ಹೇಳಿಕೊಟ್ಟಂತೆ ವಿದ್ಯಾರ್ಥಿಗಳು ಸರದಿಯ ಮೇಲೆ ಕುಳಿತು ಕೈಯಿಂದಲೇ ಗಾಳಿಚೀಲ ಹಿಸುಕಿ ರೋಗಿಗಳನ್ನು ಉಸಿರಾಡಿಸಿದರು. 1960ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನ ಮೂವರು, ಎದೆ ಸೀಳದೆ ಹೊರಗಿನಿಂದಲೇ ಒತ್ತಿ ರಕ್ತ ಹರಿಸಬಹುದೆಂದು ತೋರಿಸಿದರು. ಆ ಕಾಲಕ್ಕೆ ಉಸಿರನ್ನು ಉಳಿಸಿದ್ದೇ ಗೆಲುವು. ಇಂದಿಗೂ ಅಷ್ಟನ್ನೇ ಗೆಲುವೆಂದು ಎಣಿಸಬಹುದೆ?

ಫಲಿತಾಂಶ ಅಳೆಯಲು ವೈದ್ಯರು ಬಹುಕಾಲದಿಂದ ಬಳಸುತ್ತ ಬಂದಿರುವ ಒಂದು ಅಳತೆಗೋಲಿಗೆ ಐದು ಮೆಟ್ಟಿಲು, ಐದನೆಯದು ಸಾವು. ಮೊದಲಿನ ಎರಡರಲ್ಲಿ ನಿಂತವರನ್ನು ‘ಒಳ್ಳೆಯ ಫಲಿತಾಂಶ’ ಎಂದು ಬರೆದುಕೊಳ್ಳುವುದು ವಾಡಿಕೆ. ಎರಡನೆಯ ಮೆಟ್ಟಿಲಿನವನು ತಾನೇ ಸ್ನಾನ ಮಾಡುತ್ತಾನೆ, ಉಣ್ಣುತ್ತಾನೆ, ಬಸ್ಸು ಹತ್ತುತ್ತಾನೆ. ಹಿಂದಿನ ಉದ್ಯೋಗ ಮಾತ್ರ ಅವನ ಕೈಲಾಗದಿರಬಹುದು. ದಾಖಲೆಗೆ ಅವನು ಒಳ್ಳೆಯ ಫಲಿತಾಂಶ. ಮನೆಗೆ? ಲೆಕ್ಕ ಬರೆಯಲಾರದ ಗುಮಾಸ್ತ, ಪಾಠ ಮರೆತ ಮೇಷ್ಟ್ರು.

‘ಬದುಕಿದ್ದೇ ಹೆಚ್ಚು, ಇಷ್ಟು ದುರಾಸೆಯೇ?’ ಎನ್ನುವವರುಂಟು. ಆಸ್ಪತ್ರೆಯ ಹೊರಗೆ ಗುಂಡಿಗೆ ನಿಂತವರಲ್ಲಿ ಬಹುಪಾಲು ಜನ ಎಲ್ಲ ದೇಶಗಳಲ್ಲಿಯೂ ಉಳಿಯುವುದಿಲ್ಲ, ನಿಜ. ಎದೆ ಒತ್ತುವುದನ್ನು ಶಾಲೆ ಶಾಲೆಯಲ್ಲಿ ಕಲಿಸಲಿ. ಅದಕ್ಕೂ ಇದಕ್ಕೂ ಜಗಳವಿಲ್ಲ. ಜೀವರಕ್ಷಣೆಯ ಸರಪಳಿಗೆ ಅಮೆರಿಕದ ಹೃದಯ ಸಂಘವು 2020ರಲ್ಲಿ ಆರನೆಯ ಕೊಂಡಿಯೊಂದನ್ನು ಸೇರಿಸಿತು. ಅದರ ಹೆಸರು ಚೇತರಿಕೆ. ಬದುಕಿದವರನ್ನು ಮೂರು ತಿಂಗಳೊಳಗೆ ಮತ್ತೆ ಕರೆಸಿ ನೆನಪು, ಮನಸ್ಸು, ಆಯಾಸಗಳನ್ನು ವಿಚಾರಿಸಬೇಕೆಂದು 2021ರಲ್ಲಿ ಯೂರೋಪಿನ ತಜ್ಞರು ವಿಧಿಸಿದರು. ಈ ವಿಚಾರಣೆಗೆ ಕೋಟಿ ಬೆಲೆಯ ಯಂತ್ರ ಬೇಡ. ಕಾಗದ, ಪೆನ್ಸಿಲು, ಕೇಳುವ ವ್ಯವಧಾನವಿದ್ದರೆ ಆರಂಭಕ್ಕೆ ಸಾಕು.

‘ಜನರನ್ನು ಹೆದರಿಸುತ್ತೀರಿ’ ಎಂಬುದು ಇನ್ನೊಂದು ಆಕ್ಷೇಪ. ಹೆದರಿಸುವುದು ತಿಳಿವಲ್ಲ, ತಿಳಿಯದಿರುವುದು. ಬದುಕಿ ಮನೆಗೆ ಬಂದ ಎಷ್ಟೋ ಜನ ಚೆನ್ನಾಗಿಯೇ ಚೇತರಿಸಿಕೊಳ್ಳುತ್ತಾರೆ. ಮೊದಲ ತಿಂಗಳುಗಳಲ್ಲಿ ಸುಧಾರಣೆ ಹೆಚ್ಚು. ಆದರೆ ಬಾಧೆಗೆ ಹೆಸರಿಲ್ಲದಿದ್ದಾಗ ಮನೆಯವರು ತಾವೇ ಹೆಸರಿಡುತ್ತಾರೆ: ಸೋಮಾರಿತನ, ಹಟ, ಸಿಡುಕು. ‘ಆಸ್ಪತ್ರೆಯಿಂದ ಬಂದ ಮೇಲೆ ಯಜಮಾನರು ಮೊದಲಿನಂತಿಲ್ಲ’ ಎಂದು ಹೆಂಡತಿ ಒಳಗೊಳಗೇ ಕೊರಗುತ್ತಾಳೆ. ಅದು ಸ್ವಭಾವವಲ್ಲ, ಗಾಯ ಎಂದು ಒಬ್ಬರು ಹೇಳಿದ್ದರೆ ಅರ್ಧ ಭಾರ ಇಳಿಯುತ್ತಿತ್ತು.

ನಮ್ಮ ನಾಡಿಗೆ ಗುಂಡಿಗೆಯ ಚಿಂತೆ ಇಲ್ಲವೆಂದಲ್ಲ. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಜನ ತಪಾಸಣೆಗೆ ಧಾವಿಸಿದರು. 2023ರಲ್ಲಿ ಅವರ ಹೆಸರಿನಲ್ಲಿಯೇ ‘ಹೃದಯ ಜ್ಯೋತಿ’ ಯೋಜನೆ ಹುಟ್ಟಿತು. 2025ರಲ್ಲಿ ಹಾಸನದ ಸಾವುಗಳ ಸುದ್ದಿ ಹಬ್ಬಿದಾಗ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಎಲ್ಲ ಬೀಳುವುದಕ್ಕೆ ಮುಂಚಿನ ಭಯ. ಬಿದ್ದು ಎದ್ದವರಿಗಾಗಿ ಸಾಲೂ ಇಲ್ಲ, ಗದ್ದಲವೂ ಇಲ್ಲ. ಬೆಂಗಳೂರಿನಲ್ಲಿ ಗುಂಡಿಗೆಯ ದೊಡ್ಡಾಸ್ಪತ್ರೆ ಜಯದೇವ ಬನ್ನೇರುಘಟ್ಟ ರಸ್ತೆಯಲ್ಲಿದೆ. ಮಿದುಳು ಮನಸ್ಸುಗಳ ನಿಮ್ಹಾನ್ಸ್ ಹೊಸೂರು ರಸ್ತೆಯಲ್ಲಿದೆ, ನರರೋಗಿಗಳ ಪುನಶ್ಚೇತನಕ್ಕೆ ಅಲ್ಲಿ ಪ್ರತ್ಯೇಕ ವಿಭಾಗವೇ ಇದೆ. ರೋಗಕ್ಕೆ ರಸ್ತೆಗಳ ಈ ವಿಂಗಡಣೆ ತಿಳಿಯದು. ಗುಂಡಿಗೆ ನಿಂತು ಬದುಕಿದವನು ಎರಡೂ ಕಡೆಗೆ ಸೇರಿದವನು.

ಕೇಳುವುದು ಹೆಚ್ಚಿನದೇನಲ್ಲ. ಮನೆಗೆ ಕಳುಹಿಸುವಾಗ ಕೊಡುವ ಚೀಟಿಯಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ, ಕನ್ನಡದಲ್ಲಿ, ನಾಲ್ಕು ಸಾಲು: ಮರೆವು ಬರಬಹುದು, ಬೇಗ ದಣಿಯಬಹುದು, ಮನಸ್ಸು ಕುಗ್ಗಬಹುದು, ಇಂಥ ದಿನ ಮತ್ತೆ ಬನ್ನಿ. ಉದ್ಯೋಗ ಕೊಟ್ಟವರು ಒಮ್ಮೆಗೇ ಪೂರ್ತಿ ಹೊರೆ ಹೊರಿಸದೆ ಸ್ವಲ್ಪ ಸ್ವಲ್ಪವಾಗಿ ಕೆಲಸಕ್ಕೆ ಮರಳಲು ಬಿಡಲಿ. ಪತ್ರಿಕೆಯವರು ಆ ಭಾವಚಿತ್ರ ಅಚ್ಚು ಮಾಡಿದ ಆರು ತಿಂಗಳ ಮೇಲೆ ಇನ್ನೊಮ್ಮೆ ಅದೇ ಮನೆಯ ಬಾಗಿಲು ತಟ್ಟಲಿ. ಚೇತರಿಕೆ ಎಂದರೆ ಚೇತನ ಮರಳುವುದು. ನಾಡಿ ಮರಳಿದ ಮಾತ್ರಕ್ಕೆ ಆ ದೊಡ್ಡ ಮಾತನ್ನು ಅಗ್ಗ ಮಾಡಬಾರದು.