ಅಳಿಸಿಹೋಗುವ ಸಾಕ್ಷ್ಯ

ಕಳೆದ ಮಳೆಗಾಲದ ಒಂದು ಭಾನುವಾರ ಸಂಘದ ಸಮಿತಿಯ ಸಭೆ ಮುಗಿದು ಎಲ್ಲರೂ ಎದ್ದಾಗ ಡೊಂಬಿವಲಿಯ ಸದಸ್ಯರೊಬ್ಬರು ಮಾತ್ರ ಕುರ್ಚಿಯಿಂದ ಏಳಲಿಲ್ಲ. ಅವರ ಮಗಳು ಪದವಿ ತರಗತಿಯ ಎರಡನೆಯ ವರ್ಷದಲ್ಲಿದ್ದಾಳೆ. ಆಕೆಯ ಮುಖವನ್ನು ಬೇರಾವುದೋ ಚಿತ್ರಕ್ಕೆ ಜೋಡಿಸಿ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹರಿಯಬಿಟ್ಟಿದ್ದರು. ತಂದೆ ಕಾಲೇಜಿಗೆ ಧಾವಿಸಿದರು. ಅಲ್ಲಿನ ಹಿರಿಯರು ಸಜ್ಜನರೇ. ಹುಡುಗರನ್ನು ಕರೆಸಿ, ಗದರಿಸಿ, ತಮ್ಮ ಕಣ್ಣೆದುರಿನಲ್ಲೇ ಪ್ರತಿಯೊಂದು ಫೋನಿನಿಂದಲೂ ಚಿತ್ರವನ್ನು ಅಳಿಸಿಹಾಕಿಸಿದರು. ತಂದೆಯೂ ಮನೆಗೆ ಬಂದು ಮಗಳ ಫೋನಿನಲ್ಲಿದ್ದುದನ್ನು ಅಳಿಸಿದರು. ಮೂರು ವಾರಗಳ ತರುವಾಯ ಅದೇ ಚಿತ್ರ ಇನ್ನೊಂದು ಗುಂಪಿನಲ್ಲಿ ತಲೆಯೆತ್ತಿತು. ಈ ಸಲ ಪೊಲೀಸರ ಬಳಿ ಹೋದರೆ, ಅವರ ಮೊದಲ ಪ್ರಶ್ನೆಗೇ ಉತ್ತರವಿರಲಿಲ್ಲ: ಮೊದಲು ಕಳುಹಿಸಿದವರು ಯಾರು, ಯಾವ ಸಂಖ್ಯೆಯಿಂದ, ಎಷ್ಟು ಹೊತ್ತಿಗೆ? "ಮಾನ ಉಳಿಯಲಿ ಎಂದು ಅಳಿಸಿದೆವು, ಈಗ ಅದೇ ಮುಳುವಾಯಿತಲ್ಲ ಸ್ವಾಮಿ" ಎಂದು ಅವರು ಹೇಳಿದಾಗ ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಇದು ಒಬ್ಬ ತಂದೆಯ ಅಥವಾ ಒಂದು ಕಾಲೇಜಿನ ತಪ್ಪೆಂದು ನಾವು ಭಾವಿಸುವುದಿಲ್ಲ. ನಮ್ಮ ವಿದ್ಯಾಸಂಸ್ಥೆಗಳಿಗೆಲ್ಲ ಅಭ್ಯಾಸವಾಗಿ ಹೋಗಿರುವ ಒಂದು ಕ್ರಮವಿದು. ನಮ್ಮ ಓದುಗರಲ್ಲಿ ಅನೇಕರ ತವರಾದ ಉಡುಪಿಯಲ್ಲಿ 2023ರ ಜುಲೈ ತಿಂಗಳಲ್ಲಿ ನಡೆದುದನ್ನು ನೆನೆಯಬಹುದು. ಖಾಸಗಿ ಅರೆವೈದ್ಯಕೀಯ ಕಾಲೇಜೊಂದರ ಶೌಚಾಲಯದಲ್ಲಿ ಸಹಪಾಠಿಯ ವಿಡಿಯೋ ತೆಗೆದರೆಂಬ ಆರೋಪ ಮೂವರು ವಿದ್ಯಾರ್ಥಿನಿಯರ ಮೇಲೆ ಬಂತು. ಕಾಲೇಜು ಅವರನ್ನು ಅಮಾನತಿನಲ್ಲಿಟ್ಟಿತು. ವಿಡಿಯೋ ಮಾತ್ರ ಅಷ್ಟರಲ್ಲೇ ಅಳಿಸಿಹೋಗಿತ್ತು. ಪೊಲೀಸರು ತಾವಾಗಿಯೇ ಪ್ರಕರಣ ದಾಖಲಿಸಿದ್ದು ಸುಮಾರು ಒಂದು ವಾರ ಕಳೆದ ಮೇಲೆ. ಅದರಲ್ಲಿ ವಿದ್ಯುನ್ಮಾನ ದಾಖಲೆಯ ನಾಶಕ್ಕೆ ಸಂಬಂಧಿಸಿದ ಕಲಮೂ ಇತ್ತು. ಈ ನಡುವಿನ ದಿನಗಳಲ್ಲಿ ಸಾಕ್ಷ್ಯವಿರಬೇಕಾದ ಜಾಗವನ್ನು ವದಂತಿ ತುಂಬಿತು. ಎಲ್ಲಿಯದೋ ದೃಶ್ಯವನ್ನು ಉಡುಪಿಯದೆಂದು ಹಂಚಿದರು, ಘಟನೆಗೆ ಕೋಮುಬಣ್ಣ ಬಳಿದರು, ರಾಜಕೀಯ ಪಕ್ಷಗಳು ಬೀದಿಗಿಳಿದವು. ಆಗಸ್ಟಿನಲ್ಲಿ ತನಿಖೆ ಸಿಐಡಿಗೆ ಹೋಯಿತು. ಫೋನುಗಳನ್ನು ಮೊದಲ ದಿನವೇ ಮುಚ್ಚಿದ ಲಕೋಟೆಯಲ್ಲಿಟ್ಟು ಒಪ್ಪಿಸಿದ್ದರೆ ಆ ಹುಡುಗಿಗೂ, ಆರೋಪಕ್ಕೊಳಗಾದ ಮೂವರಿಗೂ, ಇಡೀ ಜಿಲ್ಲೆಗೂ ಎಷ್ಟೋ ಸಂಕಟ ತಪ್ಪುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ. ಸಾಕ್ಷ್ಯವೆಂಬುದು ಅಪರಾಧಿಯನ್ನು ಹಿಡಿಯುವುದಕ್ಕೆ ಎಷ್ಟು ಬೇಕೋ, ನಿರಪರಾಧಿಯನ್ನು ಗುಂಪಿನ ಬಾಯಿಂದ ಬಿಡಿಸುವುದಕ್ಕೂ ಅಷ್ಟೇ ಬೇಕು.

ಕಾನೂನು ಏನು ಕೇಳುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಜೊತೆಗೆ ಹಳೆಯ ಸಾಕ್ಷ್ಯ ಕಾಯ್ದೆಗೆ 65ಬಿ ಎಂಬ ಕಲಮು ಸೇರಿತು. ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ನ್ಯಾಯಾಲಯ ಸ್ವೀಕರಿಸಬೇಕಾದರೆ, ಅದು ಯಾವ ಯಂತ್ರದಿಂದ ಹೇಗೆ ಬಂತೆಂಬ ಪ್ರಮಾಣಪತ್ರ ಬೇಕು. 2014ರಲ್ಲಿ ಕೇರಳದ ಚುನಾವಣಾ ತಕರಾರೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಕಡ್ಡಾಯವೆಂದಿತು. 2020ರಲ್ಲಿ ನಮ್ಮ ರಾಜ್ಯದ ಜಾಲನಾ ಕ್ಷೇತ್ರದ ಮೊಕದ್ದಮೆಯಲ್ಲಿ ಅದನ್ನೇ ದೃಢಪಡಿಸಿ, ಮೂಲ ಯಂತ್ರವನ್ನೇ ಅದರ ಒಡೆಯ ಹಾಜರುಪಡಿಸಿ ಸಾಕ್ಷಿ ನುಡಿದರೆ ಪ್ರಮಾಣಪತ್ರ ಬೇಡವೆಂದು ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಲ್ಲಿ ಪ್ರಮಾಣಪತ್ರಕ್ಕೆ ಎರಡು ಭಾಗಗಳಿವೆ. ಒಂದನ್ನು ದಾಖಲೆ ಒದಗಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಎರಡರಲ್ಲೂ 'ಹ್ಯಾಶ್' ಎಂಬ ಸಂಖ್ಯೆಯನ್ನು ನಮೂದಿಸಬೇಕು. ಕಡತದ ಬೆರಳಗುರುತು ಎನ್ನಬಹುದಾದ ಸಂಖ್ಯೆ ಅದು. ಒಂದಕ್ಷರ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ಹೀಗಿರುವಾಗ, ಯಾರೋ ತೆಗೆದ ಸ್ಕ್ರೀನ್‌ಶಾಟನ್ನು ಹತ್ತು ಜನರ ಕೈದಾಟಿಸಿ, ಮುದ್ರಿಸಿ, ದೂರಿನ ಅರ್ಜಿಗೆ ಗುಂಡುಸೂಜಿಯಿಂದ ಚುಚ್ಚಿಕೊಟ್ಟರೆ ಅದು ಸುದ್ದಿಯಾಗಬಹುದೇ ಹೊರತು ಸಾಕ್ಷ್ಯವಾಗಿ ನಿಲ್ಲುವುದು ಕಷ್ಟ.

ಅಳಿಸಿದ್ದೆಲ್ಲ ಶಾಶ್ವತವಾಗಿ ಹೋಯಿತೆಂದೇನೂ ಅಲ್ಲ. ಬೇಗನೆ ಪರಿಣತರ ಕೈಸೇರಿದರೆ ಫೋನಿನಿಂದ ಕೆಲವೊಮ್ಮೆ ಮರಳಿ ಪಡೆಯಲು ಸಾಧ್ಯ. ಆದರೆ ಬಳಸುತ್ತ ಹೋದಷ್ಟೂ ಆ ಆಸೆ ಕ್ಷೀಣಿಸುತ್ತದೆ. ಕಾಲೇಜಿನ ಕ್ಯಾಮರಾದ ದೃಶ್ಯವೂ ಹಾಗೆಯೇ, ಹೊಸದು ಹಳೆಯದರ ಮೇಲೆ ಬರೆದುಕೊಳ್ಳುತ್ತ ಹೋಗುತ್ತದೆ. ಅಂದಹಾಗೆ, ಕಲೀನಾದ ವಿದ್ಯಾನಗರಿಯಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಕಾರ್ಯಕ್ರಮಗಳಿಗೆ ನಾವು ಎಷ್ಟು ಸಲ ಹೋಗಿಬಂದಿಲ್ಲ! ರಾಜ್ಯದ ನ್ಯಾಯ ವೈಜ್ಞಾನಿಕ ಪ್ರಯೋಗಾಲಯವಿರುವುದೂ ಅದೇ ವಿದ್ಯಾನಗರಿಯಲ್ಲಿ.

ಇನ್ನೊಂದು ಮಗ್ಗುಲನ್ನು ಮರೆಯುವಂತಿಲ್ಲ. ಠಾಣೆ ಜಿಲ್ಲೆಯವರಾದ ನಾವಂತೂ ಮರೆಯಲಾಗದು. 2012ರ ನವೆಂಬರಿನಲ್ಲಿ, ಆಗಿನ್ನೂ ಠಾಣೆ ಜಿಲ್ಲೆಗೇ ಸೇರಿದ್ದ ಪಾಲ್ಘರ್‌ನಲ್ಲಿ, ಬಾಳ ಠಾಕರೆಯವರ ಅಂತ್ಯಕ್ರಿಯೆಯ ದಿನದ ಬಂದ್ ಕುರಿತು ಒಬ್ಬ ತರುಣಿ ಫೇಸ್‌ಬುಕ್ಕಿನಲ್ಲಿ ಕೆಲವು ಸಾಲು ಬರೆದಳು. ಗೆಳತಿ ಮೆಚ್ಚುಗೆ ಒತ್ತಿದಳು. ಇಬ್ಬರನ್ನೂ ಬಂಧಿಸಲಾಯಿತು, ಬರೆದವಳ ಚಿಕ್ಕಪ್ಪನ ಆಸ್ಪತ್ರೆ ಪುಡಿಯಾಯಿತು. ಪೊಲೀಸ್ ಅಧಿಕಾರಿಗಳು ಅಮಾನತಾದದ್ದೂ, ಪ್ರಕರಣ ಬಿದ್ದುಹೋದದ್ದೂ ಆಮೇಲಿನ ಮಾತು. ಈ ಬಂಧನದಿಂದ ಕಳವಳಗೊಂಡು ಶ್ರೇಯಾ ಸಿಂಘಾಲ್ ಎಂಬ ಯುವತಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದುದರ ಫಲವಾಗಿ 2015ರ ಮಾರ್ಚ್ 24ರಂದು 66ಎ ಕಲಮು ರದ್ದಾಯಿತು. ಆದ್ದರಿಂದ ಸೈಬರ್ ಅಪರಾಧವೆಂಬ ಮಾತನ್ನು ಕಾಲೇಜುಗಳು ಉಚ್ಚರಿಸುವಾಗ, ಹುಡುಗಿಯ ಮಾನಹರಣವೂ ಹುಡುಗರ ಅಭಿಪ್ರಾಯವೂ ಒಂದೇ ತಕ್ಕಡಿಯಲ್ಲಿ ಬೀಳಬಾರದು.

ಪ್ರಾಚಾರ್ಯರ ಕೋಣೆಯಲ್ಲಿ ವಿದ್ಯಾರ್ಥಿಯ ಫೋನು ಕಸಿದು, ಗುಪ್ತಸಂಖ್ಯೆ ಹೇಳಿಸಿ, ಖಾಸಗಿ ಸಂಭಾಷಣೆ ಓದುವ ಪರಿಪಾಠವನ್ನು ನಾವು ಖಂಡಿಸುತ್ತೇವೆ. 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ತೀರ್ಪು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದ ಬಂದದ್ದೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಅದೇ ನ್ಯಾಯಾಲಯ 2021ರ ಮಾರ್ಚಿನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ, ಪೊಲೀಸರು ಫೋನು ಮತ್ತು ಗಣಕಯಂತ್ರಗಳನ್ನು ವಶಪಡಿಸಿಕೊಳ್ಳುವ ವಿಧಾನವನ್ನೇ ವಿವರಿಸಿತು. ಪೊಲೀಸರಿಗೇ ಇಷ್ಟು ಕಟ್ಟಳೆಯಿರುವಾಗ ಉಪನ್ಯಾಸಕರಿಗೆ ಎಲ್ಲಿಯ ಅಧಿಕಾರ? ನವಿ ಮುಂಬಯಿಯ ತಳೋಜಾ ಕಾರಾಗೃಹದಲ್ಲಿ ವರ್ಷಗಟ್ಟಲೆ ಇದ್ದ ಪ್ರಾಧ್ಯಾಪಕರ, ಲೇಖಕರ ಪ್ರಕರಣದಲ್ಲೂ ವಾದವಿರುವುದು ಗಣಕಯಂತ್ರದೊಳಗಿನ ಕಡತಗಳ ಕುರಿತೇ. ಆರೋಪಿಯೊಬ್ಬರ ಯಂತ್ರಕ್ಕೆ ಹೊರಗಿನಿಂದ ಕಡತಗಳನ್ನು ಸೇರಿಸಲಾಗಿದೆಯೆಂದು ಅಮೆರಿಕದ ಸಂಸ್ಥೆಯೊಂದು 2021ರಲ್ಲಿ ವರದಿ ನೀಡಿತು. ತನಿಖಾ ಸಂಸ್ಥೆ ಅದನ್ನು ಒಪ್ಪಿಲ್ಲ. ಯಾರ ಮಾತು ನಿಜವೆಂದು ನಾವು ತೀರ್ಪು ಕೊಡಲಾರೆವು. ಆದರೆ ಸಾಕ್ಷ್ಯದ ಶುದ್ಧಿಯೆಂಬುದು ಬರಿಯ ತಾಂತ್ರಿಕ ಗೋಜಲಲ್ಲವೆಂದು ಇದರಿಂದ ತಿಳಿಯದೆ?

ಕಾಲೇಜುಗಳಿಂದ ನಾವು ಬಯಸುವುದು ಹೆಚ್ಚೇನಲ್ಲ. ದೂರು ಬಂದ ಗಳಿಗೆಯಲ್ಲಿ ಅಳಿಸಬೇಡಿ, ಹಂಚಲೂ ಬೇಡಿ. ದೂರುದಾರಳ ಫೋನು ಅವಳ ಸಮ್ಮತಿಯಿಂದ ಹಾಗೆಯೇ ಉಳಿಯಲಿ. ಕ್ಯಾಮರಾ ದೃಶ್ಯವನ್ನು ಅಂದೇ ಕಾದಿರಿಸಿ. ಯಾರು, ಯಾವಾಗ, ಏನು ಮುಟ್ಟಿದರೆಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ. ರ್‍ಯಾಗಿಂಗ್ ಆಗಿದ್ದರೆ, ಅಪರಾಧವೆಂದು ಕಂಡಲ್ಲಿ 24 ತಾಸುಗಳೊಳಗೆ ಪೊಲೀಸರಿಗೆ ದೂರು ಕೊಡಬೇಕೆಂಬ ಹೊಣೆಯನ್ನು ಯುಜಿಸಿಯ 2009ರ ನಿಯಮಾವಳಿ ಸಂಸ್ಥೆಯ ಮುಖ್ಯಸ್ಥರ ಮೇಲೆಯೇ ಹೊರಿಸಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ಅಥವಾ ಮೇಲಿನ ದರ್ಜೆಯವರೇ ತನಿಖೆ ಮಾಡಬೇಕು ಎಂಬುದನ್ನೂ ಹೆತ್ತವರು ತಿಳಿದಿರಬೇಕು. ಹಣದ ಮೋಸವಾದರೆ 1930ಕ್ಕೆ ಕೂಡಲೇ ಕರೆಮಾಡಬೇಕು. ಕಮಿಷನ್ನಿನ ಆಸೆಗೆ ತಮ್ಮ ಬ್ಯಾಂಕ್ ಖಾತೆಯನ್ನು ಅಪರಿಚಿತರಿಗೆ ಬಿಟ್ಟುಕೊಡುವ ಹುಡುಗರ ವಿಷಯ ಪ್ರತ್ಯೇಕ ಲೇಖನವನ್ನೇ ಬೇಡುತ್ತದೆ.

ಕಲ್ಯಾಣ, ಠಾಣೆ, ವಾಶಿಗಳ ಕಾಲೇಜುಗಳಿಗೆ ಬೆಳಗಿನ ಲೋಕಲ್ ಹಿಡಿದು ಹೋಗುವ ನಮ್ಮ ಮಕ್ಕಳು ಸಂಜೆ ಮನೆಗೆ ಬಂದು ಇಂಥದ್ದನ್ನು ಹೇಳಿಕೊಳ್ಳಲು ಮೊದಲು ಹೆದರುವುದು ನಮಗೇ. "ಫೋನು ಕೊಡಿಸಿದ್ದೇ ತಪ್ಪಾಯಿತು" ಎಂಬ ಮಾತು ಬರುವುದೆಂದು ಅವರಿಗೆ ಗೊತ್ತು. ಆ ಡೊಂಬಿವಲಿಯ ಹುಡುಗಿಯೂ ಮನೆಯಲ್ಲಿ ಹೇಳಲು ನಾಲ್ಕು ದಿನ ತೆಗೆದುಕೊಂಡಿದ್ದಳಂತೆ. ಎರಡನೆಯ ಸಲ ಚಿತ್ರ ಕಾಣಿಸಿಕೊಂಡಾಗ ಆಕೆ ತನ್ನ ಫೋನನ್ನು ತಂದೆಗೂ ಮುಟ್ಟಗೊಡದೆ, ತಾನೇ ಎತ್ತಿಕೊಂಡು ಸೈಬರ್ ಠಾಣೆಗೆ ಹೋದಳು. ತನಿಖೆ ನಡೆದಿದೆ.